ಕೂತರೂ ನೀರು ಕಾಣುವ ಮನೆ

ಅಮ್ಮ ಆ ಮಾತು ಹೇಳಿದಳೋ ಇಲ್ಲವೋ ನನಗೆ ಖಚಿತವಿಲ್ಲ. ಹೇಳಿದಳು ಎಂದು ನೆನಪಿದೆ. ಆದರೆ ನೆನಪಿದೆ ಎನ್ನುವುದು ನನ್ನ ಮಟ್ಟಿಗೆ ಪುರಾವೆಯಲ್ಲ. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ನಾನು ಕಲಿತದ್ದರ ಸಾರಾಂಶ ಇಷ್ಟೇ: ಮನುಷ್ಯ ತನಗೆ ಬೇಕಾದ್ದನ್ನು ಮೊದಲು ಕಂಡುಬಿಡುತ್ತಾನೆ, ಅಳತೆಗೋಲನ್ನು ಆಮೇಲೆ ಹುಡುಕುತ್ತಾನೆ. ಬೇರೆಯವರ ಬಗ್ಗೆ ಇದನ್ನು ಒಪ್ಪುವುದು ಸುಲಭ. ನನ್ನ ಬಗ್ಗೆ ಒಪ್ಪಲು ಒಂದು ಮನೆ ಕೊಳ್ಳಬೇಕಾಯಿತು.

ಹ್ಯೂಸ್ಟನ್ ನಗರದ ನಡುಮಧ್ಯೆ, ಕಾಲುವೆಯ ಪಕ್ಕದ ಹಳೆಯ ಇಟ್ಟಿಗೆ ಕಟ್ಟಡದ ಮೂರನೇ ಮಹಡಿಯನ್ನು ನಾವು ಕೊಂಡದ್ದು ನಿಜ. ಅದಕ್ಕೆ ಪತ್ರಗಳಿವೆ. ಮನೆ ನೋಡಲು ಹೋದದ್ದು ಜನವರಿಯಲ್ಲಿ ಎನ್ನುವುದೂ ನಿಜ, ಏಕೆಂದರೆ ಅಮ್ಮನ ಚೀಲದಲ್ಲಿ ಸಂಕ್ರಾಂತಿಯ ಎಳ್ಳು ಬೆಲ್ಲವಿತ್ತು. ಉಳಿದದ್ದರಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ಅವತ್ತು ಬಿಸಿಲಿತ್ತು ಎಂದು ನಾನು ಹೇಳುತ್ತೇನೆ. ಬೆಳಗಿನಿಂದ ಜಿಟಿಜಿಟಿ ಮಳೆ, ತನ್ನ ಸೀರೆಯ ಅಂಚು ಒದ್ದೆಯಾಗಿತ್ತು ಎಂದು ಹೆಂಡತಿ ಹೇಳುತ್ತಾಳೆ. ಆಸ್ಟಿನ್ನಿನಿಂದ ಬಂದಿದ್ದ ನಮ್ಮ ಧಾರವಾಡದ ಗೆಳೆಯನನ್ನು ಕೇಳಿದರೆ, "ಬಿಸಲೋ ಮಳಿಯೋ ಯಾಂವಗ ಗೊತ್ತಪಾ, ನನಗ ಹಸಿವಾಗಿತ್ತು ಅನ್ನೂದಷ್ಟು ಖರೆ" ಎನ್ನುತ್ತಾನೆ.

ಹಸಿವಿನಿಂದಲೇ ಶುರುಮಾಡಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ರಿಚರ್ಡ್‌ಸನ್ನಿನಲ್ಲಿ ನಾವು ನಾಲ್ವರು ವಿದ್ಯಾರ್ಥಿಗಳು ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಶನಿವಾರ ರಾತ್ರಿ ಸುತ್ತಮುತ್ತಲಿನ ಕನ್ನಡದವರೆಲ್ಲ ಅಲ್ಲಿಗೇ ಬರುತ್ತಿದ್ದರು. ಮಂಗಳೂರಿನ ಕ್ಯಾಥಲಿಕ್ ಹುಡುಗ, ಬಿಜಾಪುರದ ಸಾಬರ ಹುಡುಗ, ಮೈಸೂರಿನವಳೊಬ್ಬಳು (ಆಮೇಲೆ ನನ್ನ ಹೆಂಡತಿಯಾದವಳು), ಇನ್ನೂ ಯಾರು ಯಾರೋ. ಧಾರವಾಡದವನದು ಅಡುಗೆ. ಟೇಬಲ್ ಇರಲಿಲ್ಲ. ಕಾರ್ಪೆಟ್ಟಿನ ಮೇಲೆ ಪೇಪರ್ ಹಾಸಿ ಊಟ. ಆದರೆ ಎಲ್ಲರೂ ಒಟ್ಟಿಗೆ ಕೂರುವಷ್ಟು ಜಾಗವಿಲ್ಲ. ಮೊದಲ ಪಂಕ್ತಿ ಉಣ್ಣುವಾಗ ಎರಡನೇ ಪಂಕ್ತಿ ಗೋಡೆಗೊರಗಿ ಕಣ್ಣಲ್ಲೇ ಉಣ್ಣುತ್ತಿತ್ತು.

"ಎರಡನೇ ಪಂಕ್ತಿಗೆ ಸಾರು ಉಳಿದದೇನಪಾ?"

"ಸಾರು ಐತಿ. ಬ್ಯಾಳಿ ಮೊದಲನೇ ಪಂಕ್ತಿಗೆ ಹೋತು" ಎನ್ನುತ್ತಿದ್ದ ಧಾರವಾಡದವನು.

ನಮ್ಮಲ್ಲಿ ಯಾರು ಮೊದಲು ಮನೆ ಕೊಳ್ಳುತ್ತಾರೋ ಅವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುವಂಥ ಮನೆ ಕೊಳ್ಳಬೇಕು ಎಂದು ಅಂಥದೇ ಒಂದು ಶನಿವಾರ ನಿರ್ಣಯವಾಯಿತು. ಎಲ್ಲರಿಗೂ ಅದು ತಮಾಷೆ. ನನಗೆ ಅಷ್ಟು ತಮಾಷೆಯಾಗಿರಲಿಲ್ಲ. ಉಡುಪಿಯ ನಮ್ಮ ಮನೆಯಲ್ಲಿ ಹಬ್ಬಕ್ಕೆ ಎರಡು, ಕೆಲವೊಮ್ಮೆ ಮೂರು ಪಂಕ್ತಿ ಏಳುತ್ತಿತ್ತು. ಬಡಿಸುವುದು ಅಮ್ಮ. ಎಲ್ಲ ಮುಗಿದ ಮೇಲೆ ಅವಳು ಅಡುಗೆಮನೆಯಲ್ಲಿ ಎಲ್ಲೋ ಉಣ್ಣುತ್ತಿದ್ದಳು, ಅಷ್ಟು ಹೊತ್ತಿಗೆ ನಾವು ಮಕ್ಕಳು ಆಟಕ್ಕೆ ಹೋಗಿರುತ್ತಿದ್ದೆವು. ಹಬ್ಬದ ದಿನ ಅಮ್ಮ ಎಲೆಯ ಮುಂದೆ ಕೂತದ್ದು ನನ್ನ ನೆನಪಿನಲ್ಲೇ ಇಲ್ಲ. ಕೂತಿರಲೇ ಇಲ್ಲವೋ, ನಾನು ನೋಡಿರಲಿಲ್ಲವೋ, ಅದೂ ಗೊತ್ತಿಲ್ಲ.

ಹೀಗಾಗಿ ಮದುವೆ, ಕೆಲಸ ಆಗಿ ಹ್ಯೂಸ್ಟನ್ನಿಗೆ ಶಿಫ್ಟ್ ಆದ ಮೇಲೆ ನಾವು ಮನೆ ನೋಡಲು ಹೊರಟಾಗ ನನಗೆ ಬೇಕಾದದ್ದು ಕೋಣೆಗಳಲ್ಲ, ನೆಲ. ಹೊಸ ಬಡಾವಣೆಗಳ ಮನೆಗಳಲ್ಲಿ ಕೋಣೆಗಳಿಗೆ ಬರವಿರಲಿಲ್ಲ. ಊಟದ ಕೋಣೆ ಎಂದರೆ ಮಾತ್ರ ಒಂದು ಉದ್ದ ಟೇಬಲ್ಲಿಗೆ ಮುಗಿಯುತ್ತಿತ್ತು. ಡಲ್ಲಾಸಿನ ಸೌತ್‌ಲೇಕಿನಲ್ಲಿ ನಮ್ಮೆಲ್ಲರಿಗೂ ಹಿರಿಯರಾದ ಅಂಕಲ್ ಒಬ್ಬರಿದ್ದಾರೆ, ವೃತ್ತಿಯಿಂದ ವೈದ್ಯರು. ಅವರ ಮನೆಯಲ್ಲಿ ದಾರಿ ತಪ್ಪಬಹುದು, ಅಷ್ಟು ದೊಡ್ಡದು. ಅಲ್ಲಿ ಕೂಡ ದೀಪಾವಳಿಯಲ್ಲಿ ಕಾಗದದ ತಟ್ಟೆ ಹಿಡಿದು ನಿಂತೇ ಉಣ್ಣಬೇಕು. ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಮೆಟ್ಟಿಲ ಮೇಲೆ, ಮತ್ತೊಬ್ಬರು ಗರಾಜಿನಲ್ಲಿ.

ಎರಡು ವರ್ಷ ಹುಡುಕಿದೆವು. ಆಗ ಈ ಕಟ್ಟಡ ಮಾರಾಟಕ್ಕೆ ಬಂತು.

ಕಾಲುವೆ ಎಂದೆ. ಹ್ಯೂಸ್ಟನ್ನಿನವರು ಅದನ್ನು ಬಾಯೂ ಎನ್ನುತ್ತಾರೆ. ನಿಂತಿದೆಯೋ ಹರಿಯುತ್ತಿದೆಯೋ ತಿಳಿಯದ ಕಂದು ನೀರು, ಆಮೆಗಳು, ಬೇಸಿಗೆಯಲ್ಲಿ ಸ್ವಲ್ಪ ವಾಸನೆ. ನಮ್ಮ ಕಟ್ಟಡದ ಮುಂದೆ ದಂಡೆ ಕಟ್ಟಿ ಅದನ್ನು ನೇರ ಮಾಡಿದ್ದರಿಂದ ನಮ್ಮ ಬಾಯಲ್ಲಿ ಅದು ಕಾಲುವೆಯೇ ಆಯಿತು. ಕೆಲವು ವರ್ಷಗಳ ಹಿಂದಿನ ಬಿರುಮಳೆಗೆ ಅದು ಉಕ್ಕಿ ಪೇಟೆಯ ನೆಲಮಾಳಿಗೆಗಳಿಗೆಲ್ಲ ನುಗ್ಗಿತ್ತು. ಹಾಗಾಗಿ ಅದರ ಪಕ್ಕ ಮನೆ ನೋಡುತ್ತಿದ್ದೇವೆ ಎಂದರೆ ಆಫೀಸಿನಲ್ಲಿ ಜನ ನನ್ನನ್ನು ಒಂದು ಥರ ನೋಡುತ್ತಿದ್ದರು. ಕಟ್ಟಡ ಒಂದು ಕಾಲಕ್ಕೆ ದಾಸ್ತಾನು ಮಳಿಗೆ. ದಪ್ಪ ಇಟ್ಟಿಗೆ ಗೋಡೆ, ಮರದ ಕಂಬ, ಎತ್ತರದ ಮರದ ಛಾವಣಿ. ಮೂರನೇ ಮಹಡಿಯಲ್ಲಿ ಒಂದು ತುದಿಗೆ ಮಲಗುವ ಕೋಣೆ, ಅಡುಗೆಯ ಜಾಗ. ಉಳಿದದ್ದೆಲ್ಲ ಒಂದೇ ಹಜಾರ. ದಕ್ಷಿಣಕ್ಕೆ ಸಾಲು ಕಿಟಕಿ, ಕಿಟಕಿಯ ಕೆಳಗೆ ಕಾಲುವೆ.

ನಾವು ಹೋದ ದಿನ ಮಾಲೀಕ ಇರಲಿಲ್ಲ. ಮನೆ ತೋರಿಸಲು ಬಂದ ಏಜೆಂಟ್ ಹೆಂಗಸು, ಅವರು ವಾಕಿಂಗ್ ಹೋಗಿದ್ದಾರೆ, ನಾಟಕದ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು, ಈಗ ಮುದುಕರು, ಮಗಳ ಊರಿಗೆ ಹೋಗುತ್ತಾರೆ ಎಂದಳು. ಆಮೇಲೆ ದನಿ ತಗ್ಗಿಸಿ, ಇನ್ನೊಂದು ದಂಪತಿಯೂ ಕೇಳುತ್ತಿದ್ದಾರೆ, ನಿಮಗಿಂತ ಗಟ್ಟಿ ಕುಳ, ಹಜಾರಕ್ಕೆ ಗೋಡೆ ಎಬ್ಬಿಸಿ ಮೂರು ಬೆಡ್‌ರೂಂ ಮಾಡುವವರಿದ್ದಾರೆ ಎಂದೂ ಹೇಳಿದಳು. ಇಂಥ ನೆಲ ಟೆಕ್ಸಾಸಿನಲ್ಲಿ ಇನ್ನೊಮ್ಮೆ ಸಿಗುವುದಿಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿಹೋಗಿತ್ತು.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವಳು ನವೆಂಬರಿನಲ್ಲಿ ಬಂದಿದ್ದಳು, ಆರು ತಿಂಗಳಿಗೆ. ಕಿಟಕಿ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಹಜಾರದ ನಡುವೆ ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಇಲ್ಲಿ ಎಷ್ಟು ಎಲೆ ಬೀಳ್ತದೆ?"

"ಅಳತೆ ಇದರಲ್ಲಿ ಉಂಟಲ್ಲ ಅಮ್ಮ" ಎಂದು ನಾನು ಏಜೆಂಟ್ ಕೊಟ್ಟ ಕಾಗದ ತೋರಿಸಿದೆ. ಅವಳೊಡನೆ ಮಾತಾಡುವಾಗ ನನಗೂ ಉಡುಪಿಯ ಮಾತೇ ಬರುತ್ತದೆ.

"ಚದರಡಿ ಬಡಿಸ್ಲಿಕ್ಕೆ ಆಗ್ತದಾ? ಎಲೆ ಹಾಕಿ ನೋಡ್ಬೇಕು."

ಮೂಲೆಯಲ್ಲಿ ಹಳೆಯ ಪೇಪರುಗಳ ರಾಶಿಯಿತ್ತು. ಮನೆ ಖಾಲಿ ಮಾಡುವ ಮುದುಕ ಪಿಂಗಾಣಿ ಸುತ್ತಲು ಕೂಡಿಟ್ಟದ್ದಿರಬೇಕು. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಅಮ್ಮ ಅದನ್ನು ಎತ್ತಿ ಎಲೆ ಹಾಕಲು ಶುರುಮಾಡಿದ್ದಳು. ಎದುರುಬದುರು ಎರಡು ಸಾಲು, ನಡುವೆ ಬಡಿಸುವವರ ದಾರಿ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕಲ್ಲ. ಪೇಪರಿಗೆ ತುದಿ ಯಾವುದು ಎಂದು ಒಂದು ಕ್ಷಣ ಯೋಚಿಸಿ, ಪತ್ರಿಕೆಯ ಹೆಸರಿರುವ ಕಡೆಯೇ ತುದಿ ಎಂದು ತೀರ್ಮಾನಿಸಿದಳು. ನೆಲದ ಹಲಗೆಗಳ ಮೇಲೆ ಹಳೆಯ ಬಣ್ಣದ ಗೆರೆಗಳಿದ್ದವು, ಪರದೆಗಳನ್ನು ನೆಲಕ್ಕೆ ಹಾಸಿ ಬರೆದಾಗ ಅಂಚಿನಾಚೆ ಚೆಲ್ಲಿದ ನೀಲಿ, ಹಸಿರು. ಆ ನೀಲಿ ಗೆರೆಗೆ ಸರಿಯಾಗಿ ಅವಳ ಸಾಲು ಬಂತು.

"ಕೂತ್ಕೊಳ್ಳಿ. ಮೊಣಕೈ ತಾಗ್ತದಾ ನೋಡುವ."

"ಅತ್ತೆ, ಇದು ಬೇರೆಯವರ ಮನೆ!" ಎಂದಳು ಹೆಂಡತಿ.

"ಬೇರೆಯವರ ಮನೆಯಲ್ಲಿ ಅಲ್ವಾ ಊಟಕ್ಕೆ ಕೂರುವುದು?"

ಧಾರವಾಡದವನು ಆಗಲೇ ಕೂತಿದ್ದ. ಹೆಂಡತಿ ಅವನ ಪಕ್ಕ, ನಾನು ಎದುರು. "ನೀವೂ ಬರ್ರಿ, ಎಷ್ಟೊತ್ತು ನಿಂದರ್ತೀರಿ" ಎಂದು ಅವನು ಏಜೆಂಟ್ ಹೆಂಗಸನ್ನು ಕೈಬೀಸಿ ಕರೆದ. ಅವಳು ಎತ್ತರ ಹಿಮ್ಮಡಿಯ ಚಪ್ಪಲಿ ಕಳಚಿ, ಬಿಗಿ ಲಂಗದಲ್ಲಿ ಕಾಲು ಒಂದು ಕಡೆ ಮಡಚಿ ಕೂತಳು. ಕೊನೆಗೆ ಅಮ್ಮ ತಾನೇ ಸಾಲಿನ ಆ ತುದಿಗೆ ಹೋಗಿ, ಒಳಗೋಡೆಯ ಬದಿಯಲ್ಲಿ, ಕಿಟಕಿಗೆ ಮುಖ ಮಾಡಿ ಕೂತಳು.

ಆಗ ಬಾಗಿಲು ತೆರೆದು ಮಾಲೀಕ ಬಂದ.

ಅವನಿಗೆ ಕಂಡದ್ದೇನು ಎಂದು ಯೋಚಿಸಿದರೆ ಈಗಲೂ ನಗು ಬರುತ್ತದೆ. ತನ್ನ ಮನೆಯ ನೆಲದ ಮೇಲೆ ಅಪರಿಚಿತರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮುಂದೆ ತನ್ನದೇ ಪೇಪರುಗಳು. ಅವುಗಳ ಮೇಲೆ ಏನೂ ಇಲ್ಲ. ತನಗೆ ಪರಿಚಯವಿರುವ ಏಜೆಂಟ್ ಕೂಡ ಅವರ ಜೊತೆ ಕೂತು ಏನನ್ನೋ ಕಾಯುತ್ತಿದ್ದಾಳೆ.

ಅವನು ಎಲ್ಲರನ್ನೂ ನೋಡಿ, ಟೊಪ್ಪಿ ತೆಗೆದು, "ಊಟ ಯಾವಾಗ?" ಎಂದು ಕೇಳಿದ.

ನಾನು ಏಳಲು ಹೋದೆ. ಕ್ಷಮೆ ಕೇಳಿ, ಪೇಪರ್ ಮಡಚಿ, ಮರ್ಯಾದೆ ಉಳಿಸಿಕೊಂಡು ಹೊರಡಬೇಕು ಎಂದು ತಲೆ ಓಡುತ್ತಿತ್ತು. ಅಮ್ಮ ಅಲ್ಲಿಂದಲೇ ಕೂಗಿದಳು, "ಏಳ್ಬೇಡ! ಎಲೆ ಮುಂದೆ ಕೂತವರು ಉಣ್ಣದೆ ಏಳ್ಬಾರ್ದು."

"ಅಮ್ಮ, ಇದು ಎಲೆಯಲ್ಲ, ಪೇಪರು."

"ನಾನು ಎಲೆ ಅಂತ ಹಾಕಿದ್ದು. ನೀನು ಎಲೆ ಅಂತ ಕೂತದ್ದು. ಮತ್ತೆಂಥದು?"

ಅವಳು ಎದ್ದು (ಬಡಿಸುವವಳಿಗೆ ಆ ನಿಯಮ ಅನ್ವಯಿಸುವುದಿಲ್ಲವಂತೆ) ಚೀಲದಿಂದ ಎಳ್ಳು ಬೆಲ್ಲದ ಪೊಟ್ಟಣಗಳನ್ನು ತೆಗೆದಳು. ಹೆಂಡತಿ ಮೈಸೂರಿನ ಪದ್ಧತಿಯಂತೆ ಹಂಚಲು ಮಾಡಿದ್ದು. ಬಗ್ಗಿ ಬಗ್ಗಿ ಒಬ್ಬೊಬ್ಬರ ಪೇಪರಿನ ಮೇಲೂ ಒಂದೊಂದು ಹಿಡಿ ಬಡಿಸಿದಳು. ಮುದುಕನಿಗೆ ನೆಲಕ್ಕೆ ಬಗ್ಗಲು ಮಂಡಿ ಬಿಡಲಿಲ್ಲ. ಅವನು ಬಣ್ಣದ ಖಾಲಿ ಡಬ್ಬವೊಂದನ್ನು ಮಗುಚಿ ಹಾಕಿ ಸಾಲಿಗೆ ಸೇರಿ ಕೂತ. ಅವನ ಮುಂದೆಯೂ ಒಂದು ಪೇಪರ್ ಬಿತ್ತು, ತುದಿ ಎಡಕ್ಕೆ.

"ಇದೇನು?" ಎಂದ.

"ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ. ಇದನ್ನು ತಿಂದವರು ಒಳ್ಳೆಯ ಮಾತಾಡಬೇಕು ಎಂದು ನಮ್ಮಲ್ಲಿ ಹೇಳುತ್ತಾರೆ" ಎಂದೆ.

ಅವನು ನಿಧಾನವಾಗಿ ಅಗಿದ. ಇಷ್ಟು ಹೊತ್ತು ನೀವು ಮಾಡುತ್ತಿದ್ದುದೇನು ಎಂದು ಕೇಳಿದ. ನಾನು ರಿಚರ್ಡ್‌ಸನ್ನಿನ ಶನಿವಾರಗಳನ್ನು, ಎರಡನೇ ಪಂಕ್ತಿಯ ಸಾರನ್ನು, ಒಂದೇ ಪಂಕ್ತಿಯ ಮನೆಯನ್ನು ವಿವರಿಸಿದೆ. "ಹಾಗಾದರೆ ಗೋಡೆ ಕಟ್ಟುವುದಿಲ್ಲ?" ಎಂದ. "ಕಟ್ಟಿದರೆ ಬಡಿಸುವವರು ಎಲ್ಲಿ ಓಡಾಡುವುದು?" ಎಂದೆ. ಅವನು ಹೂಂ ಎಂದು ನೆಲದ ನೀಲಿ ಗೆರೆಯನ್ನು ಶೂ ತುದಿಯಿಂದ ಮುಟ್ಟಿದ.

ಇಲ್ಲಿ, ನನ್ನ ನೆನಪಿನ ಪ್ರಕಾರ, ಬಡಿಸಿ ಮತ್ತೆ ತನ್ನ ಜಾಗದಲ್ಲಿ ಕೂತಿದ್ದ ಅಮ್ಮ ಆ ಮಾತು ಹೇಳಿದಳು: "ಕೂತರೂ ನೀರು ಕಾಣ್ತದೆ, ಒಳ್ಳೆದಾಯ್ತು."

ಏನೆಂದರು ಎಂದು ಮುದುಕ ಕೇಳಿದ. ನಾನು ಹಾಗೇ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿ ಅಮ್ಮನನ್ನು ಒಂದು ಕ್ಷಣ ನೋಡಿದ. ಪೇಪರ್ ಎತ್ತಿ ಉಳಿದದ್ದನ್ನು ಅಂಗೈಗೆ ಸುರಿದುಕೊಂಡ.

ಮೂರು ದಿನವೋ ನಾಲ್ಕು ದಿನವೋ ಕಾದೆವು. ನಾನು ಯಾವುದನ್ನೂ ನಂಬುವವನಲ್ಲ, ಆದರೂ ಫೋನ್ ಬಂದಾಗಲೆಲ್ಲ ಅಮ್ಮನ ಮುಖ ನೋಡುತ್ತಿದ್ದೆ. ಏಜೆಂಟ್ ಫೋನ್ ಮಾಡಿದ್ದು ನಾನು ಆಫೀಸಿನಲ್ಲಿದ್ದಾಗ. "ಮಾಲೀಕರು ಮನೆ ನಿಮಗೇ ಕೊಡುತ್ತಾರಂತೆ. ಪೇಪರಿನ ಹೆಂಗಸಿಗೆ ಹೇಳಬೇಕಂತೆ" ಎಂದಳು. ಅವಳ ದನಿಯಲ್ಲೂ ನಗುವಿತ್ತು. "ತಾನು ಒಳ್ಳೆಯ ಮಾತೇ ಆಡಿದ್ದೇನೆ ಎಂದು."

ನಾನು ಮೇಜಿನಿಂದ ಎದ್ದು ಕಾರಿಡಾರಿನ ತುದಿಯವರೆಗೆ ನಡೆದು, ಯಾರೂ ಇಲ್ಲ ಎಂದು ನೋಡಿಕೊಂಡು ಒಂದು ಕುಣಿತ ಕುಣಿದೆ. ಇದಕ್ಕೆ ಸಾಕ್ಷಿಗಳಿಲ್ಲ, ಆದರೂ ಇದರಲ್ಲಿ ನನಗೆ ಸಂಶಯವಿಲ್ಲ.

ಸುದ್ದಿ ಡಲ್ಲಾಸಿಗೆ ಮುಟ್ಟಿದ ಕೂಡಲೇ ಸೌತ್‌ಲೇಕಿನ ಅಂಕಲ್ ಫೋನ್ ಮಾಡಿದರು. ಸ್ಪೀಕರಿನಲ್ಲಿ ಹಾಕಿದೆ.

"ಏನಯ್ಯಾ, ಗೋಡೌನ್ ತಗೊಂಡ್ಯಂತೆ! ಅಷ್ಟು ಓದಿದೋನು, ದಕ್ಷಿಣಕ್ಕೆ ನೀರಿರೋ ಮನೇನ ಯಾರಾದ್ರೂ ತಗೋತಾರಾ? ವಾಸ್ತು ಬೇಡ್ವಾ?"

ನನ್ನ ಬಾಯಲ್ಲಿ ಉದ್ದ ಭಾಷಣ ಸಿದ್ಧವಾಗಿತ್ತು. ಅಮ್ಮ ಮೆಂತ್ಯಸೊಪ್ಪು ಬಿಡಿಸುತ್ತ ಕೂತಲ್ಲಿಂದಲೇ ಹೇಳಿದಳು: "ಉಡುಪಿಯಲ್ಲಿ ಪಶ್ಚಿಮಕ್ಕೆ ಇಡೀ ಸಮುದ್ರವೇ ಉಂಟು. ನಾವೇನು ಅದನ್ನು ಎತ್ತಿ ಈಶಾನ್ಯಕ್ಕೆ ಇಟ್ಟದ್ದುಂಟಾ?"

ಅತ್ತ ಕಡೆಯಿಂದ ಅಂಕಲ್ ಕೆಮ್ಮಿ, "ನಮಸ್ಕಾರ ಅಮ್ಮಾ, ನೀವೂ ಅಲ್ಲೇ ಇದ್ದೀರಾ" ಎಂದರು.

ಯುಗಾದಿಗೆ ಊಟ ಇಟ್ಟೆವು. ಮನೆ ಸೇರಿ ಇನ್ನೂ ಎರಡು ವಾರವಾಗಿರಲಿಲ್ಲ. ಧಾರವಾಡದವನು ಹಿಂದಿನ ದಿನವೇ ಬಂದು ಹೋಳಿಗೆಯ ಹೂರಣ ತನ್ನ ಸುಪರ್ದಿಗೆ ತೆಗೆದುಕೊಂಡ. "ಈ ಸಲ ಬ್ಯಾಳಿ ಎಲ್ಲಾರಿಗೂ ಸಿಗ್ತದ" ಎಂದು ಘೋಷಿಸಿದ. ರಿಚರ್ಡ್‌ಸನ್ನಿನ ಹಳಬರೆಲ್ಲ ಬಂದರು. ಬಿಜಾಪುರದವನು ಹೆಂಡತಿ ಮಗಳೊಂದಿಗೆ, ಮಂಗಳೂರಿನವನು ಆಸ್ಟಿನ್ನಿನಿಂದ ಬಾಡಿಗೆ ವ್ಯಾನಿನಲ್ಲಿ ಇನ್ನೂ ಕೆಲವರನ್ನು ತುಂಬಿಕೊಂಡು. ಕೊನೆಗೆ ಸರಕು ಲಿಫ್ಟಿನ ಕಬ್ಬಿಣದ ಬಾಗಿಲು ಸರಿದು ಸೌತ್‌ಲೇಕಿನ ಅಂಕಲ್ ಹೊರಬಂದರು, ತೋಳಿನ ತುಂಬ ಬಾಳೆಯೆಲೆಯ ಕಟ್ಟು.

"ನಮ್ಮ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡೀಲಿ ಇದ್ದಿದ್ದೆಲ್ಲಾ ತಂದಿದೀನಿ. ಗೋಡೌನಿಗೆ ಸರಕು ಬೇಕಲ್ಲಪ್ಪಾ."

ಎಲೆಗಳು ಬಿದ್ದವು. ಒಂದು ಸಾಲು ಕಿಟಕಿಯ ಬದಿಗೆ, ಇನ್ನೊಂದು ಒಳಗೋಡೆಯ ಬದಿಗೆ, ನಡುವೆ ದಾರಿ. ಜನ ಕೂತರು, ಮಕ್ಕಳು ಕೂತರು, ಮಂಡಿನೋವಿನವರು ಮಣೆಗಳ ಮೇಲೆ ಕೂತರು. ಯಾರೂ ಗೋಡೆಗೊರಗಿ ಕಾಯಲಿಲ್ಲ. ನಾನು ತಲೆಯೆತ್ತಿ ನೋಡಿದರೆ ಅಮ್ಮ ಪಾಯಸದ ಪಾತ್ರೆ ಹಿಡಿದು ನಿಂತಿದ್ದಾಳೆ.

"ಅಜ್ಜಿ, ಯು ಸಿಟ್!" ಎಂದಿತು ಬಿಜಾಪುರದವನ ಮಗಳು.

"ಬಡಿಸುವವರು ಯಾರು ಹಾಗಾದ್ರೆ?"

"ನಾವು ನಾಕ್ ಮಂದಿ ಬಡಿಸ್ತೇವ್ರಿ ಅಮ್ಮಾ" ಎಂದ ಧಾರವಾಡದವನು. "ಒಂದು ಸುತ್ತು ಬಡಿಸಿ ಕೂಡತೇವಿ. ಬೇಕಾದವರು ಎದ್ದು ಹಾಕ್ಕೋತಾರ, ಕೈ ಅದಾವಲ್ಲ. ಇಡ್ರಿ ಆ ಪಾತ್ರಿ."

ಅಮ್ಮ ಪಾತ್ರೆ ಕೊಡಲಿಲ್ಲ. ಅವನು ಎಳೆದ, ಅವಳು ಎಳೆದಳು, ಪಾಯಸ ಸ್ವಲ್ಪ ಚೆಲ್ಲಿತು, ಎಲ್ಲರೂ ನಕ್ಕರು. ಕೊನೆಗೆ ಅವಳು ಖಾಲಿ ಇದ್ದ ಒಂದೇ ಎಲೆಯ ಮುಂದೆ ಹೋಗಿ ಕೂತಳು, ಆ ತುದಿಯಲ್ಲಿ, ಕಿಟಕಿಗೆ ಮುಖ ಮಾಡಿ. ನಾನು ಅವಳಿಗೆ ಅನ್ನ ಬಡಿಸಿದೆ. "ತುಪ್ಪ ಮೊದಲು ಹಾಕ್ಬೇಕು, ಗೊತ್ತಿಲ್ವಾ?" ಎಂದು ಬೈದಳು. ತುಪ್ಪ ಹಾಕಿದೆ. ಆಮೇಲೆ ನಾನೂ ನನ್ನ ಎಲೆಯ ಮುಂದೆ ಕೂತೆ. ಆ ಉದ್ದ ಸಾಲಿನಲ್ಲಿ ಅಮ್ಮ ಉಣ್ಣುವುದನ್ನು ಮೊದಲ ತುತ್ತಿನಿಂದ ಕೊನೆಯ ಮಜ್ಜಿಗೆಯವರೆಗೆ ನೋಡಿದೆ. ಅವತ್ತು ನನಗೆ ಆದ ಸಂತೋಷವನ್ನು ಯಾವ ಪದವಿಯೂ ಕೊಟ್ಟಿಲ್ಲ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಎಲ್ಲರೂ ಹೋದ ಮೇಲೆ ಎಲೆ ಎತ್ತುವಾಗ ನನ್ನ ಹಳೆಯ ಚಾಳಿ ಎದ್ದಿತು. ಅಮ್ಮನ ಜಾಗದಲ್ಲಿ ಕೂತು ನೋಡಿದೆ. ನೀರು ಕಾಣಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಮಳಿಗೆಯ ಕಿಟಕಿಗಳು ಎದೆಮಟ್ಟದಿಂದ ಶುರು. ಕೂತವರಿಗೆ ಬರೀ ಆಕಾಶ. ಮುಂದೆ ಸರಿದೆ, ಹಿಂದೆ ಸರಿದೆ, ಮೈ ಎಳೆದು ಉದ್ದ ಮಾಡಿದೆ. ಮೇ ತಿಂಗಳಲ್ಲಿ ಮತ್ತೆ ಕೂತೆ, ಜೂನಿನಲ್ಲಿ ಮತ್ತೆ. ಆಕಾಶವೇ.

"ಅವರು ಹಾಗೆ ಹೇಳ್ಲೇ ಇಲ್ಲ ಕಣ್ರೀ" ಎಂದಳು ಹೆಂಡತಿ. "ನೀವೇ ಆಮೇಲೆ ಸೇರಿಸ್ಕೊಂಡಿದ್ದೀರ. ಅವತ್ತು ಮಳೆ ಬೇರೆ."

ಊರಿಗೆ ಮರಳಿದ್ದ ಅಮ್ಮನಿಗೆ ಫೋನ್ ಮಾಡಿದೆ. "ನಾನು ಹಾಗೆ ಹೇಳಿದ್ನಾ? ನೆನಪಿಲ್ಲ ಮಾರಾಯ" ಎಂದಳು. ಆಮೇಲೆ, "ಹೇಳಿದ್ರೆ ಕಂಡೇ ಹೇಳಿದ್ದು" ಎಂದಳು.

ಸಾಕ್ಷಿ ನನ್ನ ವಿರುದ್ಧವಾಗಿತ್ತು. ಮನೆ ಸಿಕ್ಕ ಖುಷಿಯಲ್ಲಿ ಒಂದು ಚಂದದ ಮಾತನ್ನು ನಾನೇ ಹುಟ್ಟಿಸಿ ಅಮ್ಮನ ಬಾಯಲ್ಲಿಟ್ಟಿದ್ದೇನೆ ಎಂದು ಒಪ್ಪಿಕೊಂಡೆ. ಮುದುಕ ಅಗಿಯುವುದನ್ನು ನಿಲ್ಲಿಸಿ ನೋಡಿದ್ದೂ ಬಹುಶಃ ನನ್ನದೇ ಸೃಷ್ಟಿ.

ಚಳಿಗಾಲ ಬಂತು. ಹಳೆಯ ಕಿಟಕಿಗಳ ಸಂದಿಯಿಂದ ಗಾಳಿ ನುಗ್ಗುತ್ತದೆಂದು ದಕ್ಷಿಣದ ಸಾಲಿಗೆಲ್ಲ ದಪ್ಪ ಪರದೆ ಎಳೆದಿದ್ದೆವು. ಸಂಕ್ರಾಂತಿಯ ಹಿಂದಿನ ಭಾನುವಾರ ಹೆಂಡತಿ ನನಗೆ ಕೊಬ್ಬರಿ ಹೆಚ್ಚುವ ಕೆಲಸ ಕೊಟ್ಟಳು. ಪೇಪರ್ ಹಾಸಿಕೊಂಡು ಒಳಗೋಡೆಯ ಬದಿ ಕೂತೆ. "ಕತ್ತಲಲ್ಲಿ ಬೆರಳು ಹೆಚ್ಕೋತೀರ" ಎಂದು ಅವಳು ಪರದೆಗಳನ್ನು ಸರಸರ ಸರಿಸಿದಳು. ಮಧ್ಯಾಹ್ನ, ಚಳಿಗಾಲದ ಸೂರ್ಯ ತಗ್ಗಿ ನಿಂತಿದ್ದ. ಚಾಕುವಿನ ಮೇಲೆ ಏನೋ ಅಲುಗಿದಂತಾಯಿತು. ತಲೆಯೆತ್ತಿದೆ.

ಛಾವಣಿಯ ಮರದ ಮೇಲೆ ಕಾಲುವೆ ಹರಿಯುತ್ತಿತ್ತು. ಕೆಳಗಿನ ನೀರಿಗೆ ಬಿದ್ದ ಬಿಸಿಲು ಓರೆಯಾಗಿ ಪುಟಿದು, ಕಿಟಕಿಗಳಿಂದ ಹತ್ತಿ, ನನ್ನ ತಲೆಯ ಮೇಲೆ ಬೆಳಕಿನ ಬಲೆಬಲೆಯಾಗಿ ನಡುಗುತ್ತಿತ್ತು. ಬೇಸಿಗೆಯ ನೆತ್ತಿಯ ಸೂರ್ಯನಿಗೆ ಇದು ಆಗುವುದಿಲ್ಲ. ಮೋಡವಿದ್ದರೂ ಆಗುವುದಿಲ್ಲ. ಅವತ್ತು ಎಳ್ಳು ಬೆಲ್ಲ ತಿನ್ನುತ್ತ ನಾವೆಲ್ಲ ನೆಲ ನೋಡುತ್ತಿದ್ದೆವು, ಅಥವಾ ಮಾಲೀಕನ ಮುಖವನ್ನು. ಮೇಲೆ ನೋಡಲು ಅಮ್ಮನಿಗೆ ಮಾತ್ರ ಪುರುಸೊತ್ತಿತ್ತು. ಆ ನೆಲದ ಮೇಲೆ ಕೂತು ವರ್ಷಗಟ್ಟಲೆ ಬಣ್ಣ ಬಳಿದ ಮುದುಕನಿಗೆ ಇದು ಗೊತ್ತಿಲ್ಲದಿರುತ್ತದೆಯೇ?

ನನ್ನ ನೆನಪು ಬಹಳ ಕತೆಗಳನ್ನು ಕಟ್ಟಬಲ್ಲದು. ಆದರೆ ನನಗೆ ಗೊತ್ತೇ ಇಲ್ಲದ ಒಂದು ಸಂಗತಿಯನ್ನು ಒಂದು ವರ್ಷ ಮೊದಲೇ ಕಟ್ಟಲಾರದು. ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿದೆ. ಅವಳು ಮೇಲೆ ನೋಡಿ, "ಹಾಗಾದ್ರೆ ಅವತ್ತು ಬಿಸಿಲೇ ಇತ್ತೇನೋ" ಎಂದಳು.

ಆಮೇಲಿನ ವರ್ಷಗಳಲ್ಲೂ ಪ್ರತಿ ಸಂಕ್ರಾಂತಿಗೆ ಪರೀಕ್ಷಿಸಿದ್ದೇನೆ. ಜನವರಿಯ ಮಧ್ಯಾಹ್ನ, ಬಿಸಿಲಿದ್ದರೆ, ಒಳಗೋಡೆಯ ಬದಿಯ ಆ ತುದಿಯ ಎಲೆಯ ಮುಂದೆ ಕೂತವರಿಗೆ ನೀರು ಕಾಣುತ್ತದೆ.